ನಮ್ಮ ಬೋರ್ಡು ಯಾರು ಬರೀಬೇಕು?

ಕಳೆದ ನವೆಂಬರ್‌ನಲ್ಲಿ ನಮ್ಮ ಸಂಘ ಮಾಡಿದ ರಾಜ್ಯೋತ್ಸವದ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಗ್ರೂಪ್‌ನಲ್ಲೇ ಇವೆ. ವೇದಿಕೆ ಹಿಂದೆ ಹತ್ತಡಿ ಉದ್ದ, ಆರಡಿ ಎತ್ತರದ ಫ್ಲೆಕ್ಸ್. ಅರಿಶಿನ-ಕುಂಕುಮ ಬಣ್ಣ, ನಡುವೆ ಭುವನೇಶ್ವರಿ ತಾಯಿ, ಸುತ್ತ ಎಂಟೂ ಜನ ಜ್ಞಾನಪೀಠದವರು. ಎಲ್ಲಾ ಭರ್ಜರಿಯಾಗಿಯೇ ಇತ್ತು. ಆದರೆ ಮೇಲೆ ದೊಡ್ಡದಾಗಿ ಇದ್ದ ಪದ ಮಾತ್ರ ‘ರಾಜ್‌ಯೋತ್‌ಸವ’. ಯ ಒತ್ತು ಇಲ್ಲ, ಸ ಒತ್ತು ಇಲ್ಲ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ, ಕನ್ನಡ ಹಬ್ಬದ ದಿನ, ಕನ್ನಡ ಅಕ್ಷರಕ್ಕೇ ಕೈಕಾಲು ಮುರಿದಿತ್ತು. ಬೆಳಿಗ್ಗೆಯಿಂದ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ ನಮ್ಮಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ. ಮಧ್ಯಾಹ್ನ ಊಟದ ಪಾತ್ರೆ ತಂದ ಕ್ಯಾಂಟೀನ್ ಕಾಕಾ ನೋಡಿ, ‘ಏನ್ರಪಾ, ಹಿಂಗ್ಯಾಕ ಬರ್ದಾರ?’ ಅಂದಾಗ ಗೊತ್ತಾಯಿತು.

ತಪ್ಪು ಫ್ಲೆಕ್ಸ್ ಅಂಗಡಿಯವರದು ಅಂತ ಆವತ್ತು ನಾವೆಲ್ಲ ಬೈದದ್ದೇ ಬೈದದ್ದು. ಆಮೇಲೆ ವಾಟ್ಸಾಪ್ ತೆಗೆದು ನೋಡಿದರೆ ಹಿಂದಿನ ರಾತ್ರಿ ಅವರು ಪ್ರೂಫ್ ಕಳಿಸಿದ್ದರು. ನಾವು ನೋಡದೇ ‘ಓಕೆ ಬ್ರೋ’ ಅಂತ ಹೆಬ್ಬೆರಳು ಒತ್ತಿದ್ದೆವು.

ಇದರ ಹಿಂದೆ ಒಂದು ಟೆಕ್ನಿಕಲ್ ಕಾರಣವೂ ಇದೆ. ಇಂಜಿನಿಯರಿಂಗ್ ಓದುವ ನಮಗೆ ಅದು ಗೊತ್ತಿರಬೇಕಿತ್ತು. ನಾವು ಫೋನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಅದರಲ್ಲಿ ಒತ್ತಕ್ಷರ ಅಂತ ಬೇರೆ ಅಕ್ಷರವೇ ಇರುವುದಿಲ್ಲ. ವ್ಯಂಜನ, ಹಲಂತ, ಇನ್ನೊಂದು ವ್ಯಂಜನ ಹೀಗೆ ಸಾಲಾಗಿ ಇರುತ್ತವೆ, ಅವನ್ನು ಕೂಡಿಸಿ ಒತ್ತು ಮಾಡುವ ಕೆಲಸ ಸಾಫ್ಟ್‌ವೇರ್‌ದು. ಫ್ಲೆಕ್ಸ್ ಅಂಗಡಿಗಳಲ್ಲಿ ಇರುವ ಎಷ್ಟೋ ಹಳೇ ಡಿಸೈನ್ ಸಾಫ್ಟ್‌ವೇರ್‌ಗಳಿಗೆ ಆ ಕೆಲಸ ಬರುವುದಿಲ್ಲ. ಅದಕ್ಕೇ ಅವರು ಇಂದಿಗೂ ನುಡಿ, ಬರಹದ ಹಳೇ ಫಾಂಟ್ ಬಳಸುತ್ತಾರೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳು. ಯೂನಿಕೋಡ್‌ನಿಂದ ಅಲ್ಲಿಗೆ ಹೋಗಬೇಕಾದರೆ ಕನ್ವರ್ಟ್ ಮಾಡಬೇಕು. ನಾವು ಮಾಡಿ ಕೊಡಲಿಲ್ಲ, ಅವರು ಮಾಡಿಕೊಳ್ಳಲಿಲ್ಲ. ಮಷಿನ್ ತನಗೆ ಕಂಡದ್ದನ್ನು ಪ್ರಿಂಟ್ ಹೊಡೆಯಿತು.

ಇದಾಗಿ ಎರಡು ತಿಂಗಳಿಗೆ ನಮ್ಮ ಕವಿಗೋಷ್ಠಿಯ ಪೋಸ್ಟರ್. ಈ ಸಲ ಎಐ ಟೂಲ್‌ಗೆ ಹೇಳಿ ಮಾಡಿಸಿದೆವು. ಚಿತ್ರ ಚೆಂದವೇ ಬಂತು. ಆದರೆ ಅದು ಬರೆದ ಅಕ್ಷರಗಳು ದೂರದಿಂದ ಕನ್ನಡದ ಹಾಗೆ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲ. ‘ವೈಬ್ ಇದೆಯಲ್ಲ, ಸಾಕು ಬಿಡು’ ಅಂತ ಹಾಕಿಯೇಬಿಟ್ಟೆವು.

ಈ ಎರಡು ಘಟನೆಗಳಿಂದ ನಮಗೊಂದು ಪ್ರಶ್ನೆ ಹುಟ್ಟಿತು. ನಮ್ಮ ಬೋರ್ಡು ಯಾರು ಬರೀಬೇಕು? ಈ ಲೇಖನ ಅದರ ಬಗ್ಗೆ. ಉತ್ತರ ಈಗಲೇ ಹೇಳಿಬಿಡ್ತೀವಿ: ಕೈಯಲ್ಲಿ ಬ್ರಷ್ ಹಿಡಿದು ಬರೆಯುವ ಪೇಂಟರ್ ಬರೀಬೇಕು, ಅವರು ಕೇಳಿದಷ್ಟು ದುಡ್ಡು ನಾವು ಕೊಡಬೇಕು. ಯಾಕೆ ಅಂತ ಮುಂದೆ ಓದಿ, ಒಪ್ಪದಿದ್ದರೆ ಮೀಟಿಂಗ್‌ನಲ್ಲಿ ಜಗಳ ಮಾಡೋಣ.

ಮೊದಲು ಒಂದು ಋಣದ ಮಾತು. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕನ್ನಡ ಅಂದರೆ ನಮಗೆ ಸೆಕೆಂಡ್ ಲ್ಯಾಂಗ್ವೇಜ್, ಪರೀಕ್ಷೆಗೆ ಮುಂಚೆ ಗೈಡ್ ತೆಗೆದು ನೋಡುವ ವಿಷಯ. ಹಾಗಾದರೆ ಕನ್ನಡ ಓದಲು ನಾವು ನಿಜವಾಗಿ ಕಲಿತದ್ದು ಎಲ್ಲಿ? ಸ್ಕೂಲ್ ವ್ಯಾನಿನ ಕಿಟಕಿಯಲ್ಲಿ. ‘ಹಿಟ್ಟಿನ ಗಿರಣಿ’ ಅನ್ನುವುದರಲ್ಲಿ ಟ ಒತ್ತು, ‘ಕಟ್ಟಿಗೆ ಅಡ್ಡೆ’ಯಲ್ಲಿ ಡ ಒತ್ತು, ‘ಇಲ್ಲಿ ಪಂಚರ್ ಹಾಕಲಾಗುವುದು’ ಅನ್ನುವುದರಲ್ಲಿ ಲ ಒತ್ತು. ಗೋಡೆ ಮೇಲಿನ ‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು’ ಓದಿಯೇ ನಮಗೆ ತ್ರ, ರ್ಜ ಎರಡೂ ಬಂದವು. ಇವನ್ನೆಲ್ಲ ಬರೆದವರು ಪೇಂಟರ್‌ಗಳು. ಯಾರ ಹೆಸರೂ ನಮಗೆ ಗೊತ್ತಿಲ್ಲ. ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ‘ಆರ್ಟ್ಸ್’ ಅಂತ ಸಹಿ ಇರುತ್ತಿತ್ತು, ಅದನ್ನು ಓದುವಷ್ಟರಲ್ಲಿ ವ್ಯಾನು ಮುಂದೆ ಹೋಗಿರುತ್ತಿತ್ತು.

ಈ ಸೆಮಿಸ್ಟರಲ್ಲಿ ಕೆಲವು ಭಾನುವಾರ ನಾವು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿದೆವು. ಮೂರೂ ಊರು ಒಂದೇ ರೈಲು ಹಳಿ ಮೇಲೆ ಇವೆ, ಹೋಗಿಬರುವುದು ಸುಲಭ. ಕೈಯಲ್ಲಿ ಬರೆದ ಬೋರ್ಡು ಎಷ್ಟು ಉಳಿದಿವೆ ನೋಡೋಣ ಅಂತ ಹೊರಟಿದ್ದು. ಮುಖ್ಯ ರಸ್ತೆಗಳಲ್ಲಿ ಫ್ಲೆಕ್ಸ್, ಎಲ್ಇಡಿ ಬಿಟ್ಟರೆ ಬೇರೆ ಏನೂ ಕಾಣಲಿಲ್ಲ. ಒಳ ಓಣಿಗಳಿಗೆ ಹೋದ ಮೇಲೆ ಒಂದೊಂದಾಗಿ ಸಿಕ್ಕವು. ಹಳೇ ಕಿರಾಣಿ ಅಂಗಡಿ, ಬಟ್ಟೆ ಹೊಲಿಯುವವರ ಅಂಗಡಿ, ಬಾಗಿಲು ಮುಚ್ಚಿದ ಕಟಿಂಗ್ ಶಾಪ್. ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂದೆ ಮಕ್ಕಳ ಹೆಸರು, ಮನೆದೇವರ ಹೆಸರು, ಎರಡು ಕಡೆ ನವಿಲು. ಹೊಲದ ದಾರಿಯ ಗೋಡೆಗಳ ಮೇಲೆ ಬೀಜ, ಗೊಬ್ಬರದ ಜಾಹೀರಾತು. ಸರಕಾರಿ ಶಾಲೆಯ ಗೋಡೆಗೆ ಭಾರತದ ನಕಾಶೆ, ಪಂಚಾಯಿತಿ ಗೋಡೆಗೆ ಸ್ವಚ್ಛ ಭಾರತದ ಬರಹ.

ಬ್ಯಾಡಗಿಯಲ್ಲಿ ಒಬ್ಬ ಪೇಂಟರ್ ಕಾಕಾ ಸಿಕ್ಕರು. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ, ಕೇಳಿದ್ದಕ್ಕೆ ‘ಹೆಸರು ಬ್ಯಾಡ್ರಿ, ಕೆಲ್ಸ ಕೊಡ್ರಿ’ ಅಂದರು. ಮೂವತ್ತು ವರ್ಷದ ಮೇಲಾಯಿತಂತೆ ಈ ಕೆಲಸಕ್ಕೆ ಬಿದ್ದು. ನಾವು ಹೋದಾಗ ಒಂದು ತಗಡಿನ ಬೋರ್ಡಿಗೆ ಎರಡನೇ ಕೋಟ್ ಹೊಡೆದು ಒಣಗಲು ಬಿಟ್ಟಿದ್ದರು. ನಾವು ಬಹಳ ಉತ್ಸಾಹದಿಂದ, ‘ಕಾಕಾ, ನಿಮ್ಮ ಕಲೆ ಉಳಿಸಬೇಕು ಅಂತ ಒಂದು ಲೇಖನ ಬರೀತಿದೀವಿ’ ಅಂದೆವು. ಅವರು ಬ್ರಷ್ಷನ್ನು ಟರ್ಪೆಂಟೈನ್ ಡಬ್ಬಿಯಲ್ಲಿ ಅದ್ದುತ್ತಾ, ‘ಉಳಸಾಕ ಬರಬ್ಯಾಡ್ರಿ. ಬೋರ್ಡ್ ಬರ್ಸೂದಿದ್ರ ಬರ್ರಿ’ ಅಂದರು. ಸಿಟ್ಟಿಂದ ಅಲ್ಲ, ನಗುನಗುತ್ತಲೇ. ನಮಗೆ ಮಾತ್ರ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆಮೇಲೆ ಮೂರು ತಾಸು ಅಲ್ಲೇ ಕೂತು ನೋಡಿದೆವು. ಮೊದಲು ಬೋರ್ಡಿನ ಉದ್ದ ಅಳೆದು ಅಕ್ಷರ ಎಣಿಸಿದರು. ಎಣಿಸಿದ್ದು ನಾವು ಎಣಿಸುವ ಹಾಗಲ್ಲ. ‘ಣ’ ಅಗಲ, ‘ರ’ ಗಿಡ್ಡ, ‘ಯ’ಕ್ಕೆ ಜಾಗ ಜಾಸ್ತಿ, ಹೀಗೆ ಒಂದೊಂದಕ್ಕೂ ಒಂದು ಲೆಕ್ಕ. ಆಮೇಲೆ ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರು. ಟಪ್ ಅಂತ ಒಂದು ನೇರ ಬಿಳಿ ಗೆರೆ. ಹೀಗೆ ಮೂರು ಗೆರೆ. ನಾವು ಇಂಗ್ಲಿಷ್ ನಾಲ್ಕು ಗೆರೆ ಪುಸ್ತಕದಲ್ಲಿ ಬರೆದು ಬೆಳೆದವರು, ಮೂರನೆಯದು ಯಾಕೆ ಅಂತ ಕೇಳಿದೆವು. ‘ಒತ್ತಿಗೆ ಕೆಳಗ ಜಾಗಾ ಬಿಡಬೇಕಲ್ರಿ. ಇಂಗ್ಲಿಷಿನಂಗ ಸಾಲಿಗೆ ಸಾಲು ಹಚ್ಚಿ ಬರ್ಯಾಕ ಆಗಂಗಿಲ್ಲ. ಒತ್ತು ಬಂದು ಕೆಳಗಿನ ಸಾಲಿನ ತಲಿಕಟ್ಟಿಗೆ ಬಡೀತೈತಿ’ ಅಂದರು.

ನಮ್ಮ ಕೋರ್ಸಿನಲ್ಲಿ ಇದಕ್ಕೆ ಲೈನ್ ಹೈಟ್, ಬೇಸ್‌ಲೈನ್ ಅಂತ ಹೆಸರು. ವೆಬ್‌ಸೈಟ್ ಮಾಡುವಾಗ ಇಂಗ್ಲಿಷಿಗೆ ಇಟ್ಟ ಲೈನ್ ಹೈಟನ್ನೇ ಕನ್ನಡಕ್ಕೂ ಇಟ್ಟು, ಒತ್ತುಗಳೆಲ್ಲ ಅರ್ಧ ಕತ್ತರಿಸಿ ಹೋದ ಪೇಜುಗಳನ್ನು ನಾವೇ ಮಾಡಿದ್ದೇವೆ. ಅದು ತಪ್ಪು ಅಂತ ನಮಗೆ ಹೇಳಿದ್ದು ಯಾವ ಪ್ರೊಫೆಸರೂ ಅಲ್ಲ, ತಗಡಿನ ಮುಂದೆ ಕುಕ್ಕರಗಾಲಲ್ಲಿ ಕೂತ ಈ ಮನುಷ್ಯ.

ಬರೆಯುವಾಗ ಎಡಗೈಯಲ್ಲಿ ಒಂದು ಕೋಲು ಅಡ್ಡ ಹಿಡಿದು ಅದರ ಮೇಲೆ ಬಲಗೈ ಮಣಿಕಟ್ಟು ಇಡುತ್ತಾರೆ, ಹಸಿ ಬಣ್ಣಕ್ಕೆ ಕೈ ತಾಗಬಾರದು ಅಂತ. ಚಪ್ಪಟೆ ಬ್ರಷ್ಷಿನ ತುದಿಯನ್ನು ತಿರುಗಿಸುತ್ತಾ ಹೋದ ಹಾಗೆ ಗೆರೆ ದಪ್ಪದಿಂದ ತೆಳುವಾಗುತ್ತದೆ. ‘ಶ್ರೀ’ ಬರೆಯುವಾಗ ಮಾತ್ರ ಉಸಿರು ಬಿಗಿಹಿಡಿದರು. ಕೊನೆಗೆ ಒಂದು ಬದಿಗೆ ಕಪ್ಪು ನೆರಳು ಕೊಟ್ಟರು. ಅಕ್ಷರ ಎದ್ದು ನಿಂತಂತೆ ಕಂಡಿತು. ಕಂಟ್ರೋಲ್ ಝಡ್ ಅಲ್ಲಿ ಇಲ್ಲ. ತಪ್ಪಾದರೆ ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಒರೆಸಿ, ಒಣಗುವ ತನಕ ಕಾದು, ಮತ್ತೆ ಬರೆಯಬೇಕು. ಅವರು ಅಂಥದ್ದೇನೂ ಮಾಡಲಿಲ್ಲ.

ವರ್ಷವಿಡೀ ಒಂದೇ ಥರದ ಕೆಲಸ ಇರುವುದಿಲ್ಲ. ಯುಗಾದಿ, ದೀಪಾವಳಿ ಮುಂದೆ ಅಂಗಡಿ ಬೋರ್ಡು. ಗಣಪತಿ ಹಬ್ಬಕ್ಕೆ ಮೂರ್ತಿಗಳಿಗೆ ಬಣ್ಣ, ಕೊನೆಯ ರಾತ್ರಿ ಕಣ್ಣು ಬರೆಯುವುದು. ಜಾತ್ರೆ ಸೀಸನ್ನಿನಲ್ಲಿ ನಾಟಕ. ನಮ್ಮ ಕಡೆ ಹಳ್ಳಿಗಳಲ್ಲಿ ಇಂದಿಗೂ ಜಾತ್ರೆಗೆ ಊರಿನವರೇ ಸಾಮಾಜಿಕ ನಾಟಕ ಆಡುತ್ತಾರೆ, ಅದಕ್ಕೆ ‘ಡ್ರಾಮಾ ಸೀನ್ಸ್’ನವರಿಂದ ಪರದೆ ಬಾಡಿಗೆ ತರುತ್ತಾರೆ. ದರ್ಬಾರ್ ಸೀನು, ರಸ್ತೆ ಸೀನು, ಕಾಡು ಸೀನು. ಅವೆಲ್ಲ ಪೇಂಟರ್ ಬರೆದ ಪರದೆಗಳೇ. ಚಿಕ್ಕ ಚಿತ್ರದ ಮೇಲೆ ಚೌಕ ಹಾಕಿ, ದೊಡ್ಡ ಬಟ್ಟೆ ಮೇಲೂ ಅಷ್ಟೇ ಚೌಕ ಹಾಕಿ, ಒಂದೊಂದು ಚೌಕವನ್ನೇ ದೊಡ್ಡದು ಮಾಡುತ್ತಾ ಹೋಗುವುದು. ನಮ್ಮ ಇಂಜಿನಿಯರಿಂಗ್ ಡ್ರಾಯಿಂಗ್ ಪೇಪರಿನ ಸ್ಕೇಲಿಂಗ್ ಇದೇ ತಾನೇ? ನಾವು ಅದನ್ನು ಸಾಫ್ಟ್‌ವೇರ್‌ನಲ್ಲಿ ಮಾಡಿ ಪಾಸಾದೆವು. ಅವರು ಏಣಿ ಮೇಲೆ ನಿಂತು ಮಾಡುತ್ತಾರೆ.

ಏಣಿ ಅಂದಾಗ ಇನ್ನೊಂದು ವಿಷಯ. ಈ ಕೆಲಸಕ್ಕೆ ಇನ್ಶೂರೆನ್ಸ್ ಇಲ್ಲ, ಪಿಎಫ್ ಇಲ್ಲ, ವಾಸನೆಗೆ ಮಾಸ್ಕೂ ಇಲ್ಲ. ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಅಂತ ಭಾರತದಲ್ಲಿ ನಿಯಮ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಷ್ಟೋ ವರ್ಷ ಎನಾಮೆಲ್ ಡಬ್ಬಿ ತೆರೆದು, ಕೈಗೆ ಹಚ್ಚಿಕೊಂಡು, ಅದೇ ಕೈಯಲ್ಲಿ ರೊಟ್ಟಿ ತಿಂದವರು ಈ ಪೀಳಿಗೆಯವರು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ, ದರ್ಜಿ, ಹೂಮಾಲೆ ಕಟ್ಟುವವರು, ಎಲ್ಲಾ ಇದ್ದಾರೆ. ಬೋರ್ಡ್ ಬರೆಯುವವರು ಆ ಪಟ್ಟಿಯಲ್ಲಿ ಇಲ್ಲ. ಕಲಾವಿದ ಅನ್ನೋಣ ಅಂದರೆ ಗ್ಯಾಲರಿ ಇಲ್ಲ, ಕಾರ್ಮಿಕ ಅನ್ನೋಣ ಅಂದರೆ ಪಟ್ಟಿಯಲ್ಲಿ ಇಲ್ಲ. ಎರಡರ ನಡುವೆ ಸಿಕ್ಕಿಕೊಂಡ ಜನ ಇವರು.

ನಮ್ಮ ಜಿಲ್ಲೆಯಲ್ಲೇ ಈ ಗೋಡೆಯನ್ನು ಒಡೆದ ಒಬ್ಬ ಕಲಾವಿದರಿದ್ದರು. ಟಿ.ಬಿ. ಸೊಲಬಕ್ಕನವರ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ನೀವೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ಹೋಗಿರ್ತೀರಿ. ಹೈವೇ ಪಕ್ಕದಲ್ಲೇ ಇದೆ. ಅದನ್ನು ಕಟ್ಟಿದವರು ಅವರು. ಮೂಲತಃ ಚಿತ್ರಕಾರರು, ದೊಡ್ಡಾಟದ ಹುಚ್ಚು ಹಿಡಿಸಿಕೊಂಡವರು, ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. 2020ರ ನವೆಂಬರ್‌ನಲ್ಲಿ ತೀರಿಕೊಂಡರು. ಅಲ್ಲಿ ಏನಿದೆ ನೆನಪು ಮಾಡಿಕೊಳ್ಳಿ. ಸಿಮೆಂಟಿನಲ್ಲಿ ಮಾಡಿ ಬಣ್ಣ ಹಚ್ಚಿದ ಆಳೆತ್ತರದ ಜನ. ಕುಂಬಾರ, ಕಮ್ಮಾರ, ಸಂತೆಗೆ ಬಂದ ಹೆಂಗಸರು, ದನ ಕಾಯುವವರು. ರಾಜ-ರಾಣಿಯರ ಬದಲು ದುಡಿಯುವವರನ್ನು ನಿಲ್ಲಿಸಿದರು. ಜೊತೆಗೆ, ಹಲವಾರು ಯುವ ಕಲಾವಿದರಿಗೆ ಅಲ್ಲಿ ಕೆಲಸ ಸಿಕ್ಕಿತು. ಬಿಸಿಲು ಮಳೆಗೆ ನಿಂತ ಬಣ್ಣವನ್ನು ಮತ್ತೆ ಮತ್ತೆ ಹಚ್ಚಬೇಕಲ್ಲ, ಅದಕ್ಕೂ ಕೈ ಬೇಕು. ಜನ ಟಿಕೆಟ್ ತೆಗೆದುಕೊಂಡು ಕಲೆ ನೋಡುತ್ತಾರೆ, ಆ ದುಡ್ಡು ಕಲಾವಿದರ ಕೂಲಿಗೂ ಹೋಗುತ್ತದೆ ಅನ್ನುವುದು ನಮ್ಮ ಕಡೆ ದೊಡ್ಡ ವಿಷಯ. ನಾವು ಮಾತ್ರ ಅಲ್ಲಿ ಹೋಗಿ ಸಿಮೆಂಟ್ ಅಜ್ಜನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆದುಕೊಂಡು ಬಂದೆವು. ಆ ಅಜ್ಜನ ಕಣ್ಣು ಯಾರು ಬರೆದರು ಅಂತ ಕೇಳಲಿಲ್ಲ.

ಬಣ್ಣದ ಬೆಲೆ ನಮ್ಮ ಕಡೆಯವರಿಗೆ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಬಂತು. ಅದು ಹೆಸರಾಗಿರುವುದು ಖಾರಕ್ಕಲ್ಲ, ಕೆಂಪಿಗೆ. ಖಾರ ಕಡಿಮೆ, ಬಣ್ಣ ಗಾಢ. ಅದರಿಂದ ತೆಗೆದ ಓಲಿಯೋರೆಸಿನ್ ತಿಂಡಿ-ತಿನಿಸಿಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಲ್ಯಾಬಿನಲ್ಲಿ ಬಣ್ಣವನ್ನು ಯೂನಿಟ್ ಲೆಕ್ಕದಲ್ಲಿ ಅಳೆದು ರೇಟ್ ಕಟ್ಟುತ್ತಾರೆ. ಬಣ್ಣಕ್ಕೆ ಇಷ್ಟು ಕರಾರುವಾಕ್ಕಾಗಿ ಬೆಲೆ ಕಟ್ಟುವ ಊರಿನಲ್ಲಿ, ಬಣ್ಣ ಹಚ್ಚುವ ಕೈಗೆ ಮಾತ್ರ ‘ಸ್ವಲ್ಪ ಕಮ್ಮಿ ಮಾಡ್ಕೋರಿ’ ಅಂತೀವಿ.

ಈಗ ನಿಮ್ಮ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ದುಡ್ಡು. ನಮ್ಮ ಫ್ಲೆಕ್ಸಿಗೆ ಚದರಡಿಗೆ 15 ರೂಪಾಯಿಯಂತೆ 900 ರೂಪಾಯಿ ಕೊಟ್ಟೆವು. ಕಾಕಾ ಹೇಳಿದ ರೇಟು: ಹತ್ತಡಿ-ನಾಲ್ಕಡಿ ತಗಡಿನ ಬೋರ್ಡು, ಫ್ರೇಮು, ಬಣ್ಣ, ಕೂಲಿ ಎಲ್ಲಾ ಸೇರಿ 6,000. ಸಂಘದ ಹೆಸರು ಮೇಲೆ ಕಾಯಂ ಇರುತ್ತದೆ, ಕೆಳಗೆ ಒಂದು ಪಟ್ಟಿ ಖಾಲಿ ಬಿಟ್ಟು ಪ್ರತಿ ಸಲ ಕಾರ್ಯಕ್ರಮದ ಹೆಸರು, ತಾರೀಖು ಬರೆಯಲು 300. ಲೆಕ್ಕ ಮಾಡಿ. ಹತ್ತು ಕಾರ್ಯಕ್ರಮಕ್ಕೆ ಎರಡೂ 9,000, ಸರಿಸಮ. ಹನ್ನೊಂದನೆಯದರಿಂದ ಬೋರ್ಡೇ ಅಗ್ಗ. ನಾವು ವರ್ಷಕ್ಕೆ ಐದು ಕಾರ್ಯಕ್ರಮ ಮಾಡ್ತೀವಿ, ಅಂದರೆ ಮೂರನೇ ವರ್ಷದಿಂದ ಉಳಿತಾಯ ಶುರು. ಆ ಹೊತ್ತಿಗೆ ಇದನ್ನು ಬರೆಯುತ್ತಿರುವ ನಾವು ಪಾಸಾಗಿ ಹೋಗಿರ್ತೀವಿ.

ಸಮಸ್ಯೆ ಇರುವುದೇ ಇಲ್ಲಿ ಅನಿಸುತ್ತದೆ. ಪ್ರತಿ ವರ್ಷ ಕಮಿಟಿ ಬದಲಾಗುತ್ತದೆ. ಈ ವರ್ಷದ ಬಜೆಟ್ ಈ ವರ್ಷಕ್ಕೆ ಮುಗಿಯಬೇಕು. ಖರ್ಚು ನಮ್ಮದು, ಲಾಭ ಜೂನಿಯರ್ಸದು ಅಂದರೆ ಯಾರೂ ಕೈ ಹಾಕುವುದಿಲ್ಲ. ಹಾಗಾಗಿ ಪ್ರತಿ ಕಮಿಟಿಯೂ ಫ್ಲೆಕ್ಸಿಗೇ ಹೋಗುತ್ತದೆ. ಹಳೇ ಫ್ಲೆಕ್ಸುಗಳು ಎಲ್ಲಿವೆ ಅಂತ ಕೇಳಿದರೆ, ಎರಡು ಹಾಸ್ಟೆಲಿನ ಬೈಕ್ ಸ್ಟ್ಯಾಂಡಿನ ಮೇಲೆ ಸೋರದ ಹಾಗೆ ಹೊದಿಸಿವೆ, ಉಳಿದವು ಸಂಘದ ಕಪಾಟಿನ ಹಿಂದೆ ಸುರುಳಿ ಸುತ್ತಿ ಬಿದ್ದಿವೆ. ಅದು ಪಿವಿಸಿ. ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ. ಕರ್ನಾಟಕ ಸರಕಾರ ಫ್ಲೆಕ್ಸ್ ಸೇರಿಸಿ ಪ್ಲಾಸ್ಟಿಕ್ ನಿಷೇಧ ಮಾಡಿದ್ದು 2016ರ ಮಾರ್ಚ್‌ನಲ್ಲಿ. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರಿಗೆ ದೇಶದಾದ್ಯಂತ ನಿಷೇಧ ಇದೆ. ನಮ್ಮ ಸಂಘ ಪರಿಸರ ದಿನಾಚರಣೆ ಮಾಡಿದ್ದೂ ಫ್ಲೆಕ್ಸ್ ಹಾಕಿಯೇ.

ಎರಡನೇ ಆಕ್ಷೇಪ, ಟೈಮು. ಫ್ಲೆಕ್ಸ್ ಎರಡು ತಾಸಿಗೆ ಸಿಗುತ್ತದೆ, ಪೇಂಟರ್ ನಾಲ್ಕು ದಿನ ಕೇಳುತ್ತಾರೆ. ನಿಜ. ಆದರೆ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಬರುತ್ತದೆ ಅನ್ನುವುದು ನಮಗೆ ಅಕ್ಟೋಬರ್ 31ರ ರಾತ್ರಿ ಗೊತ್ತಾಗುವ ವಿಷಯವಲ್ಲ. ನಾಲ್ಕು ದಿನ ಮುಂಚೆ ಪ್ಲಾನ್ ಮಾಡಿದ್ದರೆ ಪ್ರೂಫನ್ನೂ ಕಣ್ಣು ಬಿಟ್ಟು ನೋಡಿರುತ್ತಿದ್ದೆವು.

ಮೂರನೇ ಆಕ್ಷೇಪ ಗಟ್ಟಿಯಾದದ್ದು. ಫ್ಲೆಕ್ಸ್ ಅಂಗಡಿಯಲ್ಲೂ ಮನುಷ್ಯರೇ ಕೆಲಸ ಮಾಡುತ್ತಾರೆ, ಅವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ? ಈ ಮಾತನ್ನು ನಾವು ಒಪ್ಪುತ್ತೇವೆ. ಕಾಕಾ ಕೂಡ ಫ್ಲೆಕ್ಸನ್ನು ಬೈಯಲಿಲ್ಲ. ‘ನಮ್ಮ ಹುಡುಗೂರು ಅಲ್ಲೇ ಡಿಸೈನ್ ಮಾಡ್ತಾರ. ಬ್ರಷ್ ಹಿಡದವ್ರು ಮೌಸ್ ಹಿಡದಾರ, ಅಷ್ಟ. ಅಕ್ಷರ ತಿಳದಾವ ಇದ್ರ ಅಲ್ಲೂ ಚೊಲೋ ಬರ್ತೈತಿ’ ಅಂದರು. ಹಾಗಾಗಿ ನಮ್ಮ ವಾದ ಫ್ಲೆಕ್ಸ್ ಅಂಗಡಿಗಳನ್ನು ಮುಚ್ಚಿಸಿ ಅಂತ ಅಲ್ಲ. ದಿನಕ್ಕೆ ನೂರು ಫ್ಲೆಕ್ಸ್ ಹೊಡೆಯುವ ಅಂಗಡಿಗೆ ನಮ್ಮ ಒಂದು ಆರ್ಡರ್ ಹೋದರೆ ಏನೂ ಆಗುವುದಿಲ್ಲ. ತಿಂಗಳಿಗೆ ನಾಲ್ಕು ಬೋರ್ಡ್ ಬರೆಯುವವರಿಗೆ ಒಂದು ಬೋರ್ಡ್ ಹೆಚ್ಚು ಬಂದರೆ ಬಹಳ ಆಗುತ್ತದೆ.

ನಾಲ್ಕನೆಯದು, ‘ಇದೆಲ್ಲ ನಾಸ್ಟಾಲ್ಜಿಯಾ, ಹಳೇದಕ್ಕೆ ಜೋತು ಬೀಳಬೇಡಿ’ ಅನ್ನುವುದು. ಹಾಗಿದ್ದರೆ ಹೊಸದೊಂದನ್ನು ನೋಡಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ ಕಾನೂನು ತಿದ್ದುಪಡಿ ಆಯಿತು. ನಾವೆಲ್ಲ ಸ್ಟೇಟಸ್ ಹಾಕಿ ಖುಷಿಪಟ್ಟೆವು. ಒಳ್ಳೆಯದೇ. ಆದರೆ ಕಾನೂನು ಅಳೆಯುವುದು ಎಷ್ಟು ಜಾಗ ಅಂತ ಮಾತ್ರ. ಆ ಅರವತ್ತು ಪರ್ಸೆಂಟಿನಲ್ಲಿ ಒತ್ತು ಸರಿ ಇದೆಯಾ, ಅಕ್ಷರ ಓದಲು ಬರುತ್ತದಾ, ನೋಡಲು ಚೆಂದ ಇದೆಯಾ ಅಂತ ಅದು ಕೇಳುವುದಿಲ್ಲ. ಇಂಗ್ಲಿಷಿಗೆ ಒಳ್ಳೆ ಡಿಸೈನರ್ ಫಾಂಟ್, ಕೆಳಗೆ ಅಥವಾ ಮೇಲೆ ಕನ್ನಡಕ್ಕೆ ಯಾವುದೋ ಸಿಕ್ಕ ಫಾಂಟು ಎಳೆದು ಜಗ್ಗಿ ಕೂರಿಸಿದ್ದು. ಇಂಥ ಬೋರ್ಡು ಎಷ್ಟು ಬೇಕು ನಿಮಗೆ? ಕನ್ನಡ ಕಾಣಬೇಕು ಅಂತ ಹೋರಾಡಿದ ಮೇಲೆ, ಕನ್ನಡ ಚೆಂದ ಕಾಣಬೇಕು ಅಂತಲೂ ಕೇಳಬೇಕು. ಅದನ್ನು ಕಾನೂನು ಮಾಡಿಕೊಡಲಾರದು, ಅಕ್ಷರ ಬಲ್ಲ ಕೈ ಮಾತ್ರ ಮಾಡಬಲ್ಲದು.

ಇನ್ನೊಂದು ಮಾತು ನಮ್ಮ ಕ್ಯಾಂಪಸ್ಸಿನ ಒಳಗಿನದು, ಇದು ಸ್ವಲ್ಪ ಚುಚ್ಚುತ್ತದೆ. ನಮ್ಮ ಬ್ಯಾಚಿನಲ್ಲಿ ಚಿತ್ರ ಬರೆಯುವವರು ಇದ್ದಾರೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಪಾಸು ಮಾಡಿ, ಆಮೇಲೆ ‘ಹವ್ಯಾಸ ಇರಲಿ, ಮೊದಲು ಇಂಜಿನಿಯರಿಂಗ್ ಮುಗಿಸು’ ಅನ್ನಿಸಿಕೊಂಡು ಇಲ್ಲಿಗೆ ಬಂದವರು. ಪ್ರತಿ ಫೆಸ್ಟಿಗೂ ಅವರನ್ನು ಹಿಡಿದು, ‘ಲೇ, ಒಂದು ಬ್ಯಾನರ್ ಬರ್ಕೊಡೋ, ಐದು ನಿಮಿಷದ ಕೆಲಸ’ ಅಂತೀವಿ. ಅವರು ಇಡೀ ರಾತ್ರಿ ಕೂತು ಬರೆಯುತ್ತಾರೆ. ಡಿಜೆಗೆ ದುಡ್ಡು, ಲೈಟಿಂಗಿಗೆ ದುಡ್ಡು, ಊಟಕ್ಕೆ ದುಡ್ಡು, ಅವರಿಗೆ ಸ್ಟೇಜಿನ ಮೇಲೆ ಒಂದು ಥ್ಯಾಂಕ್ಸ್, ಅದೂ ನೆನಪಿದ್ದರೆ. ಬಣ್ಣದ ಟ್ಯೂಬಿನ ದುಡ್ಡೂ ಅವರದೇ ಕೈಯಿಂದ. ಪೇಂಟರ್ ಕಾಕಾಗೆ ನಾವು ಮಾಡಿದ್ದನ್ನೇ ನಮ್ಮ ಗೆಳೆಯರಿಗೂ ಮಾಡುತ್ತಿದ್ದೇವೆ. ಕಲೆಯನ್ನು ಹೊಗಳುವುದು ಸುಲಭ, ಯಾಕೆಂದರೆ ಹೊಗಳಿಕೆಗೆ ಬಿಲ್ ಬರುವುದಿಲ್ಲ.

ಎಂ.ಎಫ್. ಹುಸೇನ್ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಆ ದಿನಗಳಲ್ಲಿ ಅವರ ಬೋರ್ಡಿಗೆ ಯಾರೋ ದುಡ್ಡು ಕೊಟ್ಟಿದ್ದರಿಂದಲೇ ಕೈ ಉಳಿಯಿತು. ನಮ್ಮೂರಿನ ಪೇಂಟರ್‌ಗಳೆಲ್ಲ ಹುಸೇನ್ ಆಗಬೇಕಿಲ್ಲ. ಬೋರ್ಡ್ ಬರೆದು ಮನೆ ನಡೆಸುವಷ್ಟಾದರೂ ಆಗಬೇಕು.

ಬರೀ ಮಾತಾಡಿ ಹೋಗುವುದು ಬೇಡ ಅಂತ ಮೂರು ಪ್ರಸ್ತಾಪ ಇಡುತ್ತಿದ್ದೇವೆ.

ಒಂದು, ಈ ವರ್ಷದ ರಾಜ್ಯೋತ್ಸವಕ್ಕೆ ಮುಂಚೆ ಸಂಘಕ್ಕೆ ಒಂದು ಕಾಯಂ ಬೋರ್ಡು ಬರೆಸಬೇಕು. ಅಡ್ವಾನ್ಸ್ ಕೊಟ್ಟು, ಚೌಕಾಸಿ ಮಾಡದೇ. ಮೂಲೆಯಲ್ಲಿ ಅವರ ಸಹಿ ಇರಬೇಕು, ಓದಲು ಬರುವಷ್ಟು ದೊಡ್ಡದಾಗಿ.

ಎರಡು, ಕ್ಯಾಂಪಸ್ಸಿನಲ್ಲಿ ಚಿತ್ರ ಬರೆಯುವ, ಪೋಸ್ಟರ್ ಮಾಡುವ ವಿದ್ಯಾರ್ಥಿಗಳಿಗೆ ಬಜೆಟ್ಟಿನಲ್ಲಿ ಒಂದು ಸಾಲು ಇಡಬೇಕು. ದೊಡ್ಡ ಮೊತ್ತ ಆಗದಿದ್ದರೂ ಸಾಮಗ್ರಿಯ ಖರ್ಚು ಮತ್ತು ಒಂದು ಗೌರವಧನ. ಎಐನಲ್ಲಿ ಮಾಡಿದ ಕನ್ನಡ ಅಕ್ಷರಗಳನ್ನು ಓದಲು ಬರದಿದ್ದರೆ ಹಾಕಬಾರದು, ಅಷ್ಟಾದರೂ ನಿಯಮ ಇರಲಿ.

ಮೂರು, ಇದು ನಮ್ಮ ಕಸುಬಿಗೆ ಹತ್ತಿರದ್ದು. ಹನೀಫ್ ಕುರೇಶಿ ಅನ್ನುವ ಕಲಾವಿದರು ದೆಹಲಿ ಕಡೆಯ ಬೀದಿ ಪೇಂಟರ್‌ಗಳ ಅಕ್ಷರಗಳನ್ನು ಡಿಜಿಟಲ್ ಫಾಂಟ್ ಮಾಡುವ ಯೋಜನೆ ಶುರು ಮಾಡಿದ್ದರು. ಫಾಂಟಿಗೆ ಆಯಾ ಪೇಂಟರ್‌ನ ಹೆಸರನ್ನೇ ಇಟ್ಟರು. ಕುರೇಶಿ 2024ರಲ್ಲಿ ತೀರಿಕೊಂಡರು. ಹಾಗೆಯೇ ನಮ್ಮ ಕಡೆಯ ಒಂದು ಕೈಯನ್ನು ಕನ್ನಡ ಯೂನಿಕೋಡ್ ಫಾಂಟ್ ಮಾಡೋಣ. ಮಿನಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ? ಇಂಗ್ಲಿಷಿನ ಹಾಗೆ ಇಪ್ಪತ್ತಾರು ಅಕ್ಷರಕ್ಕೆ ಮುಗಿಯುವುದಿಲ್ಲ. ಕಾಗುಣಿತ, ಒತ್ತು ಎಲ್ಲಾ ಸೇರಿ ನೂರಾರು ಆಕಾರ ಬರೆಸಬೇಕು, ಅವು ಎಲ್ಲಿ ಹೇಗೆ ಕೂಡಬೇಕು ಅಂತ ನಿಯಮ ಬರೆಯಬೇಕು. ಇಂಕ್‌ಸ್ಕೇಪ್, ಫಾಂಟ್‌ಫೋರ್ಜ್ ಎರಡೂ ಫ್ರೀ. ಬರೆಯುವ ಪ್ರತಿ ಅಕ್ಷರಕ್ಕೂ ಪೇಂಟರ್‌ಗೆ ದುಡ್ಡು, ಫಾಂಟಿಗೆ ಅವರು ಒಪ್ಪಿದ ಹೆಸರು. ಅದನ್ನು ಫ್ಲೆಕ್ಸ್ ಅಂಗಡಿಯವರೂ ಬಳಸಲಿ. ಕಾಕಾ ಅಂದ ಹಾಗೆ ಅಕ್ಷರ ತಿಳಿದವರಿದ್ದರೆ ಅಲ್ಲೂ ಚೊಲೋ ಬರುತ್ತದೆ.

ಈ ಲೇಖನ ಬರೆಯುವ ಮುಂಚೆ ನಾವು ಮೂವರು ಸೇರಿ 1,500 ರೂಪಾಯಿ ಕೂಡಿಸಿ ಬ್ಯಾಡಗಿಗೆ ಹೋಗಿ ಅಡ್ವಾನ್ಸ್ ಕೊಟ್ಟು ಬಂದೆವು. ಸಂಘ ಒಪ್ಪಿದರೆ ಉಳಿದದ್ದು ಸಂಘ ಕೊಡಲಿ. ಒಪ್ಪದಿದ್ದರೆ ಬೋರ್ಡು ನಮ್ಮ ಹಾಸ್ಟೆಲ್ ರೂಮಿನ ಬಾಗಿಲಿಗೆ ಬರುತ್ತದೆ, ಸೈಜು ಸ್ವಲ್ಪ ಚಿಕ್ಕದು ಮಾಡಿಸ್ತೀವಿ. ಕಾಕಾ ದುಡ್ಡು ಎಣಿಸಿ ಜೇಬಿಗಿಟ್ಟು, ಒಂದು ಹಾಳೆ ಮುಂದೆ ತಳ್ಳಿ, ‘ಏನ್ ಬರೀಬೇಕು, ಇದರಾಗ ಬರ್ದು ಕೊಡ್ರಿ. ಒತ್ತು ಸರಿ ನೋಡ್ಕೊಂಡು ಬರೀರಿ’ ಅಂದರು. ನಾವು ಬರೆದೆವು. ಮೂವರೂ ಎರಡೆರಡು ಸಲ ಓದಿ ಕೊಟ್ಟೆವು.

ಮೀಟಿಂಗ್ ಮುಂದಿನ ಶುಕ್ರವಾರ ಸಂಜೆ ಕ್ಲಾಸ್ ಮುಗಿದ ಮೇಲೆ. ಬನ್ನಿ.